ಡೊಂಕೋ, ವಾಟವೋ

ಬೇರೆಯವರು ಪ್ರಯಾಣ ಹೊರಟಾಗ ಚೀಲಕ್ಕೆ ಮೊದಲು ಹಾಕುವುದು ಹಲ್ಲುಜ್ಜುವ ಬ್ರಷ್ಷು. ಮೇಸ್ತ್ರಿ ಮೊದಲು ಹಾಕುವುದು ರಸಮಟ್ಟ. ಗೇಣುದ್ದದ ಮರದ ಪಟ್ಟಿ, ಅದರ ನಡುವೆ ಒಂದು ಗಾಜಿನ ಕೊಳವೆ, ಕೊಳವೆಯೊಳಗೆ ಒಂದು ಗುಳ್ಳೆ. ಗುಳ್ಳೆ ಎರಡು ಗೆರೆಗಳ ನಡುವೆ ನಿಂತರೆ ನೆಲ ಸಮ, ಪಕ್ಕಕ್ಕೆ ಜಾರಿದರೆ ನೆಲ ಹಾಸಿದವನ ಮಾನ ಹೋಯಿತು ಎಂದು ಲೆಕ್ಕ. ಮೂವತ್ತೊಂದು ವರ್ಷ ನೆಲ ಹಾಸಿದವನಿಗೆ ಅದು ಆರನೇ ಬೆರಳಿನಂತಾಗಿತ್ತು. ಮಗಳಿಗೆ ಹೆರಿಗೆಯಾಗಿ ಮೊಮ್ಮಗುವನ್ನು ನೋಡಲು ಹೋದಾಗಲೂ ಅಳಿಯನ ಮನೆಯ ನಡುಮನೆಯಲ್ಲಿ ಅದನ್ನು ಇಟ್ಟು ನೋಡಿ, "ಈ ನೆಲ ಹಾಕಿದ ಮಹಾನುಭಾವ ಯಾರು?" ಎಂದು ಕೇಳಿ, "ಅಪ್ಪಾ, ಮಗು ನೋಡೋಕೆ ಬಂದ್ಯೋ ನೆಲ ನೋಡೋಕೆ ಬಂದ್ಯೋ?" ಎಂದು ಮಗಳಿಂದ ಅನ್ನಿಸಿಕೊಂಡಿದ್ದ. ಕೆಲಸದ ಜಾಗಗಳಲ್ಲಿ ಅವನನ್ನು ಮಟ್ಟದ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅದರಲ್ಲಿ ಅರ್ಧ ಗೌರವ, ಅರ್ಧ ಗೇಲಿ. ಅವನಿಗೆ ಕೇಳಿಸುತ್ತಿದ್ದದ್ದು ಗೌರವ ಮಾತ್ರ.

ಮಗಳ ಮನೆಯಿಂದ ವಾಪಸು ಬರುವಾಗ ದಾರಿಯಲ್ಲಿ ಒಂದು ದೊಡ್ಡ ಊರಿನಲ್ಲಿ ಟ್ರೇನು ಬದಲಿಸಬೇಕಾಗಿತ್ತು. ನಡುವೆ ಐದು ಗಂಟೆಯ ಬಿಡುವು. ಬೆಳಿಗ್ಗೆ ಹತ್ತಕ್ಕೆ ಸ್ಟೇಷನ್ನಿನ ಲಗೇಜು ಕೋಣೆಯಲ್ಲಿ ಪೆಟ್ಟಿಗೆಗಳನ್ನು ಒಪ್ಪಿಸಿ ಚೀಟಿ ಪಡೆದ ಹೆಂಡತಿ, "ಪಾರ್ಕಿಗೆ ಹೋಗೋಣ" ಎಂದಳು.

ಯಾವ ಪಾರ್ಕು ಎಂದು ಕೇಳುವ ಅಗತ್ಯವಿರಲಿಲ್ಲ. ಆ ಊರಿಗೆ ಇಳಿದವರೆಲ್ಲ ನೋಡುವ ಪಾರ್ಕು ಒಂದೇ. ಸ್ಟೇಷನ್ನಿನ ಗೋಡೆಯ ಮೇಲೆ ಅದರ ಚಿತ್ರ, ಟೀ ಅಂಗಡಿಯ ಕ್ಯಾಲೆಂಡರಿನಲ್ಲಿ ಅದರ ಚಿತ್ರ, ಅವಳ ಕೈಯಲ್ಲಿದ್ದ ಲಗೇಜು ಚೀಟಿಯ ಮೂಲೆಯಲ್ಲೂ ಹೆಬ್ಬೆರಳುಗಾತ್ರದ ಅದೇ ಚಿತ್ರ. ಅದನ್ನು ರೂಪಿಸಿದ ಆರ್ಕಿಟೆಕ್ಟು ಮೇಸ್ತ್ರಿಯ ಷಡ್ಡಕ, ಅಂದರೆ ಹೆಂಡತಿಯ ಒಡಹುಟ್ಟಿದ ತಂಗಿಯ ಗಂಡ. ಅವರ ಮನೆಯೂ ಅದೇ ಊರಿನಲ್ಲಿ.

"ಬಿಸಿಲು ನೋಡು. ನಿನ್ನ ಮಂಡಿ ಬೇರೆ ಸರಿಯಿಲ್ಲ," ಎಂದ ಮೇಸ್ತ್ರಿ.

"ನನ್ನ ಮಂಡಿ ವಿಷಯ ಮಗಳ ಮನೆ ಮೂರನೇ ಮಹಡಿ ಹತ್ತಿಸುವಾಗ ನೆನಪಾಗಲಿಲ್ಲ ನಿಮಗೆ."

"ಟ್ರೇನು ತಪ್ಪಿದರೆ?"

"ಐದು ಗಂಟೆಯಲ್ಲಿ ಪಾರ್ಕು ಸುತ್ತಿ ಬರೋಕೆ ಆಗಲ್ವಾ? ನೀವು ಬರದಿದ್ದರೆ ಬೇಡ. ಇಲ್ಲೇ ಬೆಂಚಿನ ಮೇಲೆ ಕೂತಿರಿ."

ಅವಳನ್ನು ಒಬ್ಬಳೇ ಕಳಿಸುವಂತಿರಲಿಲ್ಲ. ಅದಕ್ಕೆ ಕಾರಣ ಮಂಡಿಯೂ ಅಲ್ಲ, ಬಿಸಿಲೂ ಅಲ್ಲ. ಆರು ವರ್ಷದಿಂದ ಮೇಸ್ತ್ರಿ ಹೆಂಡತಿಯಿಂದ ಒಂದು ಮಾತನ್ನು ಮುಚ್ಚಿಟ್ಟಿದ್ದ, ಆ ಮಾತಿನ ಬೇರು ಇರುವುದು ಆ ಪಾರ್ಕಿನಲ್ಲೇ. ಅವಳು ಅಲ್ಲಿ ಯಾರ ಹತ್ತಿರವೋ ಮಾತಾಡಿ ಏನೋ ಒಂದು ಕೇಳಿಸಿಕೊಂಡುಬಿಟ್ಟರೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಒಬ್ಬ. ಮೇಸ್ತ್ರಿ ಯಾರೂ ಏನೂ ಅನ್ನುವ ಮೊದಲೇ ಹೆಗಲು ಒರೆಸಿಕೊಳ್ಳುತ್ತಾ ಅವಳ ಹಿಂದೆ ಬಸ್ಸು ಹತ್ತಿದ.

ಷಡ್ಡಕ ಎಂಬ ಸಂಬಂಧವೇ ಒಂದು ತಮಾಷೆ. ಅಣ್ಣತಮ್ಮಂದಿರು ಜಗಳವಾಡಿದರೂ ರಕ್ತ ಒಂದೇ ಎಂಬ ಸಮಾಧಾನವಿರುತ್ತದೆ. ಭಾವ ಭಾವಮೈದುನರ ನಡುವೆ ಒಂದಿಷ್ಟು ಮರ್ಯಾದೆ, ಒಂದಿಷ್ಟು ಸಲಿಗೆ ಇರುತ್ತದೆ. ಷಡ್ಡಕರಿಗೆ ಇವೆರಡೂ ಇಲ್ಲ. ಒಂದೇ ಮನೆಯ ಇಬ್ಬರು ಅಳಿಯಂದಿರು, ಒಂದೇ ತಕ್ಕಡಿಯ ಎರಡು ತಟ್ಟೆ. ಮಾವನ ಮನೆಗೆ ಹೋದಾಗಲೆಲ್ಲ ತಕ್ಕಡಿ ಎತ್ತಿ ಹಿಡಿಯುವವರು ಹತ್ತು ಜನ. ಮದುವೆಯಾದ ಹೊಸದರಲ್ಲಿ ಮೇಸ್ತ್ರಿಯ ತಟ್ಟೆಯೇ ತೂಕವಾಗಿತ್ತು. ಅವನು ಆಗಲೇ ಹೆಸರು ಮಾಡಿದ್ದ ಕೆಲಸಗಾರ, ಷಡ್ಡಕ ಕಂಕುಳಲ್ಲಿ ಸುರುಳಿ ಕಾಗದ ಸಿಕ್ಕಿಸಿಕೊಂಡು ಓಡಾಡುವ ಕಡ್ಡಿಯಂಥ ಹುಡುಗ. "ಅಣ್ಣಾ, ಬಚ್ಚಲಿನ ನೆಲ ಎಷ್ಟು ಇಳಿಸಬೇಕು?" ಎಂದು ಬಂದು ಕೇಳುತ್ತಿದ್ದ. ಮೇಸ್ತ್ರಿ ಎಲ್ಲರಿಗೂ ಹೇಳುವ ಪಾಠವನ್ನೇ ಅವನಿಗೂ ಹೇಳುತ್ತಿದ್ದ: "ನೋಡಪ್ಪಾ, ನೆಲ ಗೊತ್ತಿಲ್ಲದೆ ಇಳಿದರೆ ಅದು ಡೊಂಕು. ನೀರು ಹೋಗಲಿ ಅಂತ ಗೊತ್ತಿದ್ದೇ ಇಳಿಸಿದರೆ ಅದು ವಾಟ. ಇಳಿದಿರೋದು ಎರಡೂ ಒಂದೇ. ಮನಸ್ಸು ಬೇರೆ." ಈ ಮಾತನ್ನು ಅವನು ಮನೆ ಕಟ್ಟಿಸುವ ಪ್ರತಿಯೊಬ್ಬರಿಗೂ ಹೇಳಿ ಹೇಳಿ, ಹೆಂಡತಿಗೆ ಅದು ಬಾಯಿಪಾಠವಾಗಿತ್ತು. ಹಾಲು ಉಕ್ಕಿದರೆ ಒಲೆಯ ಮುಂದೆ ನಿಂತು ತನ್ನಷ್ಟಕ್ಕೆ ತಾನೇ, "ಡೊಂಕು" ಎಂದುಕೊಳ್ಳುವಳು.

ಆಮೇಲೆ ತಕ್ಕಡಿ ಯಾವಾಗ ಆ ಕಡೆ ವಾಲಿತೋ ಮೇಸ್ತ್ರಿಗೆ ತಿಳಿಯಲೇ ಇಲ್ಲ. ಷಡ್ಡಕ ಒಂದು ಶಾಲೆ ಮಾಡಿದ, ಒಂದು ಗ್ರಂಥಾಲಯ ಮಾಡಿದ, ಪತ್ರಿಕೆಯಲ್ಲಿ ಫೋಟೋ ಬಂತು. ಮಾವನ ಮನೆಯಲ್ಲಿ ಆ ಫೋಟೋಗೆ ಚೌಕಟ್ಟು ಹಾಕಿಸಿದರು. ಅದನ್ನು ತೂಗುಹಾಕಿದ ಗೋಡೆಯ ಕೆಳಗಿನ ನೆಲ ಮೇಸ್ತ್ರಿ ಹಾಸಿದ್ದು. ನೆಲಕ್ಕೆ ಯಾರು ಚೌಕಟ್ಟು ಹಾಕಿಸುತ್ತಾರೆ?

ಆರು ವರ್ಷದ ಹಿಂದೆ, ಮಳೆಗಾಲಕ್ಕೆ ಮುಂಚೆ, ಷಡ್ಡಕ ಕಾರಿನಲ್ಲಿ ಮೇಸ್ತ್ರಿಯ ಕೆಲಸದ ಜಾಗಕ್ಕೇ ಬಂದ. ಮೇಸ್ತ್ರಿ ಯಾರದೋ ಅಡುಗೆಮನೆಯ ನೆಲದ ಮೇಲೆ ಗಾರೆ ಹರಡುವ ಕರಣೆ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ. ಷಡ್ಡಕನೂ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಮರಳಿನ ಮೇಲೆ ನಕ್ಷೆಯ ಹಾಳೆ ಹಾಸಿದ. "ಅಣ್ಣಾ, ಪಾರ್ಕಿನ ನಡುವಿನ ಅಂಗಳ ಇದು. ಈ ನೆಲ ನಿಮ್ಮ ಕೈಯಿಂದಲೇ ಆಗಬೇಕು. ಬೇರೆ ಯಾರಿಗೂ ಕೊಡೋಕೆ ನನಗೆ ಧೈರ್ಯ ಇಲ್ಲ," ಎಂದ. ಮೇಸ್ತ್ರಿ ನಕ್ಷೆ ನೋಡಿದ. ಒಂದು ಗೆರೆಯೂ ಅರ್ಥವಾಗಲಿಲ್ಲ. ಅರ್ಥವಾದದ್ದು ಒಂದೇ, ಬಲಗಡೆ ಮೂಲೆಯಲ್ಲಿ ದಪ್ಪಕ್ಷರದಲ್ಲಿ ಷಡ್ಡಕನ ಹೆಸರು. "ನೋಡೋಣ" ಎಂದ. ಎರಡು ಸಲ ಫೋನು ಬಂತು. "ಕೈ ತುಂಬಾ ಕೆಲಸ" ಎಂದ. ಮೂರನೇ ಸಲ ಫೋನು ಬರಲಿಲ್ಲ.

ಹೆಂಡತಿಗೆ ಅವನು ಸುಳ್ಳು ಹೇಳಲಿಲ್ಲ. ತಾನು ಸುಳ್ಳು ಹೇಳಿಲ್ಲ ಎಂದು ಆರು ವರ್ಷದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಪಾರ್ಕಿನ ಕೆಲಸ ಶುರುವಾಗಿದೆ, ಬೇರೆ ಯಾರೋ ನೆಲ ಹಾಸುತ್ತಿದ್ದಾರೆ ಎಂಬ ಸುದ್ದಿ ಬಂದ ದಿನ ಅವನು ಕೇಳಿದ್ದು ಒಂದೇ ಒಂದು ಪ್ರಶ್ನೆ: "ನಿನ್ನ ತಂಗಿ ಗಂಡ ಈಗ ದೊಡ್ಡ ಮನುಷ್ಯ, ನಮ್ಮಂಥವರನ್ನ ಯಾಕೆ ಕರೀತಾನೆ?" ಉಳಿದದ್ದೆಲ್ಲ ಅವಳೇ ಮಾಡಿದಳು. "ಹಿತ್ತಲ ಗಿಡ ಮದ್ದಲ್ಲ ಅಂತ ತೋರಿಸಿಬಿಟ್ಟರಲ್ಲ" ಎಂದು ಅತ್ತಳು, ತಂಗಿಗೆ ಫೋನು ಮಾಡುವುದನ್ನು ಬಿಟ್ಟಳು. ತಂಗಿಯ ಮಗಳ ಮದುವೆಗೆ ಹೋಗಿ ಹಿಂದಿನ ಸಾಲಿನಲ್ಲಿ ಪರಕೀಯಳ ಹಾಗೆ ಕೂತು, ಊಟ ಮಾಡದೆ ಎದ್ದು ಬಂದಳು. ಅವತ್ತು ಮೇಸ್ತ್ರಿಗೂ ಊಟ ತಪ್ಪಿತು. ಆದರೆ ಹೆಂಡತಿ ತನಗಾಗಿ ಉಪವಾಸವಿದ್ದಾಳೆ ಎಂಬ ಸಂತೋಷದಲ್ಲಿ ಹಸಿವು ಗೊತ್ತಾಗಲಿಲ್ಲ.

ಬಸ್ಸು ಪಾರ್ಕಿನ ಮುಂದೆ ನಿಂತಿತು. ಗೇಟಿನ ಪಕ್ಕದ ಕಲ್ಲಿನ ಮೇಲೆ ಷಡ್ಡಕನ ಹೆಸರು ಕೆತ್ತಿತ್ತು. ಅಕ್ಷರಗಳ ಮೇಲೆ ಯಾರೋ ಕೈಯಾಡಿಸಿ ಆಡಿಸಿ ಮೊದಲಕ್ಷರ ನುಣ್ಣಗಾಗಿತ್ತು. ಒಂದು ಕುಟುಂಬ ಆ ಕಲ್ಲಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿತ್ತು. ಹೆಂಡತಿಯೂ ಹೋಗಿ ಆ ಹೆಸರನ್ನು ಒಂದು ಬೆರಳಲ್ಲಿ ಮುಟ್ಟಿದಳು. ಮೇಸ್ತ್ರಿ ಆ ಕಲ್ಲನ್ನೇ ದುರುಗುಟ್ಟಿ ನೋಡುತ್ತಾ ಒಳಗೆ ಹೋದ, ಕಾಲ ಕೆಳಗೆ ಏನಿದೆ ಎಂದು ಆಗ ನೋಡಲಿಲ್ಲ.

ಒಳಗೆ ಹೋದ ಮೇಲೆ ನೋಡಿದ. ಎದುರಿಗೆ ಬೂದುಬಣ್ಣದ ಚಪ್ಪಡಿ ಕಲ್ಲಿನ ಅಂಗಳ ಒಂದು ದೊಡ್ಡ ಕೆರೆಯಷ್ಟು ಅಗಲಕ್ಕೆ ಹರಡಿಕೊಂಡಿತ್ತು. ಅದರಲ್ಲಿ ಅಲ್ಲಲ್ಲಿ ಇಪ್ಪತ್ತೆರಡು ಮರ, ಮರಗಳ ನೆರಳಲ್ಲಿ ಜನ. ಮುದುಕರು ಚೆಸ್ ಆಡುತ್ತಿದ್ದರು, ತಾಯಂದಿರು ಮಕ್ಕಳನ್ನು ಬಿಟ್ಟುಕೊಂಡು ಹರಟೆ ಹೊಡೆಯುತ್ತಿದ್ದರು, ಒಬ್ಬ ಆಫೀಸಿನವನು ಶೂ ಬಿಚ್ಚಿ ಪಕ್ಕದಲ್ಲಿಟ್ಟು ಕಲ್ಲಿನ ಮೇಲೇ ಮಲಗಿ ನಿದ್ದೆ ಹೊಡೆಯುತ್ತಿದ್ದ. ಕೂಗಾಟವಿಲ್ಲ, ನೂಕುನುಗ್ಗಲಿಲ್ಲ. ಹೆಂಡತಿ ಉಸಿರು ಬಿಟ್ಟು, "ಎಷ್ಟು ತಣ್ಣಗಿದೆ ಅಲ್ವಾ?" ಎಂದಳು. ಬೇಡ ಎಂದರೂ ಮೇಸ್ತ್ರಿಗೂ ತಣ್ಣಗೇ ಅನ್ನಿಸಿತು. ಅದಕ್ಕೂ ಸಿಟ್ಟು ಬಂತು.

ಅವಳು ಒಂದು ಮರದ ಕೆಳಗಿನ ಕಟ್ಟೆಯ ಮೇಲೆ ಕೂತು, ಫ್ಲಾಸ್ಕಿನಿಂದ ಟೀ ಬಗ್ಗಿಸಿದಳು. ಮೇಸ್ತ್ರಿ ಕೂರಲಿಲ್ಲ. ಮೊಸರಲ್ಲಿ ಕಲ್ಲು ಹುಡುಕುವವರನ್ನು ಲೋಕ ನೋಡಿದೆ. ಅವನು ಕಲ್ಲಿನಲ್ಲೇ ಟೊಳ್ಳು ಹುಡುಕಲು ಹೊರಟ. ನೆಲ ಹಾಸುವವರಿಗೆ ಇದೊಂದು ಪರೀಕ್ಷೆ. ಕಲ್ಲಿನ ಕೆಳಗೆ ಗಾರೆ ಸರಿಯಾಗಿ ತುಂಬದಿದ್ದರೆ ಹಿಮ್ಮಡಿಯಿಂದ ಕುಟ್ಟಿದಾಗ ಡೊಳ್ಳಿನ ಹಾಗೆ ಸದ್ದು ಬರುತ್ತದೆ. ಮೇಸ್ತ್ರಿ ಒಂದೊಂದೇ ಕಲ್ಲಿನ ಮೇಲೆ ಹಿಮ್ಮಡಿ ಊರಿ ಕುಟ್ಟುತ್ತಾ ಹೋದ. ಟಕ್. ಟಕ್. ಟಕ್. ಎಲ್ಲ ಗಟ್ಟಿ. ಸಂದುಗಳನ್ನು ಬಗ್ಗಿ ನೋಡಿದ. ಉಗುರು ಹಾಕಿದರೆ ಉಗುರೇ ಸವೆಯಬೇಕು, ಅಷ್ಟು ಬಿಗಿ. ಅರ್ಧ ಗಂಟೆ ಕುಟ್ಟಿದ. ಚೆಸ್ ಆಡುತ್ತಿದ್ದ ಮುದುಕನೊಬ್ಬ, "ಕಾಲು ಜೋಮು ಹಿಡಿದಿದೆಯಾ?" ಎಂದು ಕರುಣೆಯಿಂದ ಕೇಳಿದ.

ಕೊನೆಗೆ ಮೇಸ್ತ್ರಿ ಚೀಲದಿಂದ ರಸಮಟ್ಟ ತೆಗೆದ. ಹೆಂಡತಿ ಕೂತಲ್ಲಿಂದಲೇ ಹಣೆ ಚಚ್ಚಿಕೊಂಡಳು. ಅವನು ಮಂಡಿಯೂರಿ, ಪಟ್ಟಿಯನ್ನು ಕಲ್ಲಿನ ಮೇಲಿಟ್ಟು, ಉಸಿರು ಹಿಡಿದು ನೋಡಿದ. ಗುಳ್ಳೆ ಜಾರಿತು. ಗೆರೆ ದಾಟಿ ಆಚೆ ಹೋಗಿ ನಿಂತಿತು. ಇನ್ನೊಂದು ಕಡೆ ಇಟ್ಟ. ಅಲ್ಲೂ ಜಾರಿತು, ಈ ಸಲ ಬೇರೆ ದಿಕ್ಕಿಗೆ. ಹತ್ತು ಕಡೆ ಇಟ್ಟ, ಹತ್ತು ಕಡೆಯೂ ಗುಳ್ಳೆ ನಿಲ್ಲಲಿಲ್ಲ. ಮೇಸ್ತ್ರಿಗೆ ಆದ ಆನಂದ ಮೊಮ್ಮಗುವನ್ನು ಎತ್ತಿಕೊಂಡಾಗಲೂ ಆಗಿರಲಿಲ್ಲ. ಇಷ್ಟು ದೊಡ್ಡ ಹೆಸರು, ಕಲ್ಲಿನ ಮೇಲೆ ಕೆತ್ತಿದ ಹೆಸರು, ನೆಲ ಮಾತ್ರ ಸಮ ಇಲ್ಲ.

"ಡೊಂಕು!" ಎಂದ ಗಟ್ಟಿಯಾಗಿ. "ನೆಲ ಪೂರ್ತಿ ಡೊಂಕು. ಒಂದು ಕಲ್ಲೂ ಮಟ್ಟಕ್ಕಿಲ್ಲ."

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ನೀರಿನ ಪೈಪು ಎಳೆದುಕೊಂಡು ಬರುತ್ತಿದ್ದ ಪಾರ್ಕಿನ ಕೆಲಸದವಳು ಮಾತ್ರ ನಿಂತು ನೋಡಿದಳು. ನಡುವಯಸ್ಸಿನ ಹೆಂಗಸು, ಮಂಡಿಯವರೆಗೆ ರಬ್ಬರು ಬೂಟು.

"ಡೊಂಕು ಅಂದ್ರಾ?" ಎಂದಳು. "ಸ್ವಲ್ಪ ತಡೀರಿ. ಈಗ ನೀರು ಬಿಡೋ ಹೊತ್ತು."

ಅವಳು ಅಂಗಳದ ಮೇಲಿನ ತುದಿಗೆ ಹೋಗಿ ಪೈಪನ್ನು ನೆಲದ ಮೇಲೆ ಇಟ್ಟು, ನಲ್ಲಿ ತಿರುಗಿಸಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು. ಅಷ್ಟೇ, ಮತ್ತೆ ಪೈಪು ಮುಟ್ಟಲಿಲ್ಲ. ನೀರು ಕಲ್ಲಿನ ಮೇಲೆ ಹರಡಿ ಕೆಳಗಿಳಿಯಿತು. ಮೊದಲ ಮರದ ಹತ್ತಿರ ಎರಡಾಗಿ ಒಡೆದು, ಒಂದು ಪಾಲು ಮರದ ಬುಡಕ್ಕೆ ಹೋಯಿತು, ಇನ್ನೊಂದು ಪಾಲು ಮುಂದೆ ನಡೆಯಿತು. ಮುಂದೆ ಮತ್ತೆ ಒಡೆಯಿತು. ಕಾಲಿಗೆ ಗೊತ್ತಾಗದಷ್ಟು ಸಣ್ಣ ಇಳಿತಗಳನ್ನು ಹುಡುಕಿಕೊಂಡು, ಮಲಗಿದ್ದ ಆಫೀಸಿನವನನ್ನು ಮುಟ್ಟದೆ, ಚೆಸ್ ಆಡುವವರನ್ನು ಬಳಸಿಕೊಂಡು, ನೀರು ಒಂದೊಂದೇ ಮರದ ಬುಡಕ್ಕೆ ಹೋಗಿ ಇಂಗಿತು. ಮಕ್ಕಳು ಅದರ ಜೊತೆ ನಡೆದರು. ಇಪ್ಪತ್ತೆರಡನೇ ಮರಕ್ಕೆ ನೀರು ಮುಟ್ಟಿದಾಗ ಕೆಲಸದವಳು ನಲ್ಲಿ ನಿಲ್ಲಿಸಿದಳು. ನೆಲದ ಮೇಲೆ ಎಲ್ಲಿಯೂ ಅಂಗೈಯಷ್ಟು ನೀರು ನಿಂತಿರಲಿಲ್ಲ.

"ಮಳೆ ಬಂದರೂ ಹೀಗೇ," ಎಂದಳು ಅವಳು ಹತ್ತಿರ ಬಂದು. "ಒಂದು ಹನಿ ಚರಂಡಿಗೆ ಹೋಗಲ್ಲ. ನಾನು ಮೂರು ಪಾರ್ಕಲ್ಲಿ ಕೆಲಸ ಮಾಡಿದೀನಿ. ಅಲ್ಲೆಲ್ಲ ಬಕೆಟ್ಟು ಹೊತ್ತೂ ಹೊತ್ತೂ ಬೆನ್ನು ಬಿದ್ದುಹೋಯ್ತು. ಇಲ್ಲಿ ನೆಲವೇ ನೀರು ಹೊರುತ್ತೆ."

ಮೇಸ್ತ್ರಿ ಮಂಡಿಯೂರಿದ್ದವನು ಏಳಲಿಲ್ಲ. ಸಮ ಮಾಡುವುದು ಕಷ್ಟದ ಕೆಲಸ ಎಂದು ಅವನು ಮೂವತ್ತೊಂದು ವರ್ಷ ನಂಬಿದ್ದ. ಸಮಕ್ಕೆ ಗುಳ್ಳೆಯ ಆಸರೆಯಿದೆ. ಈ ನೆಲಕ್ಕೆ ಯಾವ ಆಸರೆಯೂ ಇಲ್ಲ. ಪ್ರತಿ ಕಲ್ಲಿಗೂ ಬೇರೆ ಇಳಿತ, ಪ್ರತಿ ಇಳಿತಕ್ಕೂ ಬೇರೆ ದಿಕ್ಕು, ಒಂದು ಕಲ್ಲು ಕೂದಲೆಳೆಯಷ್ಟು ತಪ್ಪಿದರೂ ಒಂದು ಮರ ಒಣಗುತ್ತದೆ. ಅಂದು ಮರಳಿನ ಮೇಲೆ ಹಾಸಿದ ನಕ್ಷೆಯಲ್ಲಿ ಅವನಿಗೆ ಅರ್ಥವಾಗದಿದ್ದ ಗೆರೆಗಳು ಇವು.

"ಇದನ್ನ ಹಾಕಿದ್ದು ಯಾರು?" ಎಂದು ಕೇಳಿದ.

"ಯಾರೋ ಒಬ್ಬ ಮುದುಕಪ್ಪ. ಹೆಸರು ಗೊತ್ತಿಲ್ಲ. ಬಾಯಿ ಬಿಟ್ಟು ಮಾತಾಡ್ತಾನೇ ಇರಲಿಲ್ಲ. ಒಂದು ಚೊಂಬು ನೀರು ಇಟ್ಕೊಂಡು, ಕಲ್ಲಿಗೊಂದು ಸಲ ಚೂರು ಬಗ್ಗಿಸಿ, ಎಲ್ಲಿ ಹೋಗುತ್ತೆ ನೋಡ್ತಾ ಕೂತಿರೋನು. ಒಂದು ವರ್ಷ ತಗೊಂಡ."

ಷಡ್ಡಕನ ಮೇಲಿದ್ದ ಹೊಟ್ಟೆಕಿಚ್ಚು ಹಳೆಯದು, ಅದರ ಜೊತೆ ಬದುಕುವುದು ಮೇಸ್ತ್ರಿಗೆ ರೂಢಿಯಾಗಿತ್ತು. ಅದು ಹೆಸರಿಗಾಗಿ ಉರಿದ ಕಿಚ್ಚು. ಷಡ್ಡಕ ನಕ್ಷೆ ಬರೆಯುವವನು, ತಾನು ನೆಲ ಹಾಸುವವನು, ಅವನ ದಾರಿ ಅವನಿಗೆ ಎಂದು ಸಮಾಧಾನ ಹೇಳಿಕೊಳ್ಳಲು ಜಾಗವಿತ್ತು. ಈಗ ಹತ್ತಿದ್ದು ಬೇರೆ. ತನ್ನದೇ ಕಸುಬಿನವನು, ತನ್ನಂತೆಯೇ ಕರಣೆ ಹಿಡಿದವನು, ಹೆಸರೂ ಗೊತ್ತಿಲ್ಲದ ಒಬ್ಬ ಮುದುಕ, ತಾನು ಬಿಟ್ಟುಕೊಟ್ಟ ಜಾಗದಲ್ಲಿ ಕೂತು ತನ್ನಿಂದ ಆಗದ ಕೆಲಸ ಮಾಡಿ ಎದ್ದುಹೋಗಿದ್ದ. ಮೇಸ್ತ್ರಿಗೆ ಆ ಮುದುಕನ ಬೆರಳುಗಳ ಮೇಲೆ ಹೊಟ್ಟೆಕಿಚ್ಚಾಯಿತು. ಆ ಚೊಂಬಿನ ಮೇಲೂ ಆಯಿತು. ಚೊಂಬಿನಿಂದ ನೀರು ಬಗ್ಗಿಸಿ ನೋಡಬಹುದು ಎಂದು ತನಗೆ ಒಮ್ಮೆಯೂ ಯಾಕೆ ಹೊಳೆಯಲಿಲ್ಲ ಎಂದು ಅಳು ಬರುವಷ್ಟು ಆಯಿತು.

ಹೆಂಡತಿ ಟೀ ಕಪ್ಪು ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಂತಿದ್ದಳು. ನೀರು ಹೋದ ದಾರಿಯನ್ನೆಲ್ಲ ಅವಳೂ ನೋಡಿದ್ದಳು. ಕೆಲಸದವಳು ಪೈಪು ಸುತ್ತಿಕೊಂಡು ಹೋದ ಮೇಲೆ ಮೆಲ್ಲಗೆ ಹೇಳಿದಳು:

"ಈಗ ಗೊತ್ತಾಯ್ತು ಬಿಡಿ."

"ಏನು?"

"ಅವರು ನಿಮ್ಮನ್ನ ಯಾಕೆ ಕರೀಲಿಲ್ಲ ಅಂತ. ನಿಮ್ಮದು ಸಮ ಮಾಡೋ ಕೈ. ಅದರಲ್ಲಿ ನಿಮ್ಮನ್ನ ಮೀರಿಸೋರಿಲ್ಲ, ಬೇಜಾರು ಮಾಡ್ಕೋಬೇಡಿ. ಆದರೆ ಇದು ಬೇರೆ ತರದ ಕೈ. ಇದು ನಿಮ್ಮಿಂದ ಆಗ್ತಿರಲಿಲ್ಲ. ನನ್ನ ತಂಗಿ ಗಂಡ ತಿಳಿದೇ ಕರೀಲಿಲ್ಲ, ನಿಮಗೆ ಅವಮಾನ ಆಗೋದು ಬೇಡ ಅಂತ. ನಾನು ಹುಚ್ಚಿ, ಸುಮ್ಮಸುಮ್ಮನೆ ಆರು ವರ್ಷ ಅವಳ ಮೇಲೆ ಮುನಿಸ್ಕೊಂಡೆ." ಅವಳ ಕಣ್ಣು ತುಂಬಿತ್ತು. ಆದರೆ ಮುಖದಲ್ಲಿ ಒಂದು ನಿರಾಳವಿತ್ತು. "ಇವತ್ತೇ ಹೋಗಿ ತಪ್ಪಾಯ್ತು ಅಂತೀನಿ."

ನೋಡಿ, ದೇವರು ಮನುಷ್ಯನಿಗೆ ಎಂಥ ಬಾಗಿಲು ತೆರೆದಿಡುತ್ತಾನೆ. ಮೇಸ್ತ್ರಿ ಮಾಡಬೇಕಾಗಿದ್ದದ್ದು ಇಷ್ಟೇ, "ಹೂಂ" ಎನ್ನಬೇಕಾಗಿತ್ತು. ಒಂದೇ ಒಂದು "ಹೂಂ" ಅಂದಿದ್ದರೆ ಅಕ್ಕತಂಗಿಯರು ಒಂದಾಗುತ್ತಿದ್ದರು, ಆರು ವರ್ಷದ ಮಾತು ಈ ಕಲ್ಲುಗಳ ಕೆಳಗೇ ಗಾರೆಯ ಜೊತೆ ಸೇರಿಹೋಗುತ್ತಿತ್ತು, ಮೂರು ಗಂಟೆಗೆ ಟ್ರೇನು ಹತ್ತಿ ಊರು ಸೇರಬಹುದಾಗಿತ್ತು. ಅವನಿಗೂ ಅದು ಗೊತ್ತಾಯಿತು. ಬಾಯಿ ಬಿಟ್ಟರೆ ಬಣ್ಣಗೇಡು ಎಂಬುದೂ ಗೊತ್ತಿತ್ತು. ಆದರೆ "ಇದು ನಿಮ್ಮಿಂದ ಆಗ್ತಿರಲಿಲ್ಲ" ಎಂಬ ಮಾತು ಕಿವಿಯಲ್ಲಿ ಕಾದ ಎಣ್ಣೆಯಂತೆ ಇಳಿಯುತ್ತಿತ್ತು. ತನಗೂ ಅದೇ ಅನ್ನಿಸಿತ್ತಲ್ಲ, ಅದಕ್ಕೇ ಇನ್ನೂ ಜಾಸ್ತಿ ಸುಟ್ಟಿತು.

"ಆಗ್ತಿರಲಿಲ್ಲವಾ?" ಎಂದ. "ಅವನು ಮೊದಲು ಕರೆದದ್ದೇ ನನ್ನನ್ನ. ಕೆಲಸದ ಜಾಗಕ್ಕೆ ಬಂದು, ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ಕರೆದ. ಬೇರೆ ಯಾರಿಗೂ ಕೊಡೋಕೆ ಧೈರ್ಯ ಇಲ್ಲ ಅಂದ. ನಾನೇ ಬರಲಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೇಳಿದ ಮೇಲೆ ಅವನಿಗೆ ಒಂದು ಗಳಿಗೆ ಎದೆ ಹಗುರಾಯಿತು. ಆಮೇಲೆ ಹೆಂಡತಿಯ ಮುಖ ನೋಡಿದ.

ಅವಳು ಕೂಗಾಡಲಿಲ್ಲ. ಕಪ್ಪಿನಲ್ಲಿ ಉಳಿದಿದ್ದ ಟೀಯನ್ನು ನೆಲಕ್ಕೆ ಚೆಲ್ಲಿದಳು. ಅದು ಸಣ್ಣ ಗೆರೆಯಾಗಿ ಹತ್ತಿರದ ಮರದ ಕಡೆಗೆ ಹೊರಟಿತು.

"ಎಷ್ಟು ಸಲ ಕರೆದರು?"

"ಒಂದು ಸಲ ಬಂದ. ಎರಡು ಸಲ ಫೋನು ಮಾಡಿದ."

"ನೀವು ಏನಂದ್ರಿ?"

"ಕೈ ತುಂಬಾ ಕೆಲಸ ಇದೆ ಅಂದೆ."

"ಪಾರ್ಕು ಶುರುವಾಗೋ ಮುಂಚೆ, ಆ ಬೇಸಿಗೆ ಕೊನೆಯಲ್ಲಿ ತಾನೆ? ಆಗ ನೀವು ಮೂರು ವಾರ ಮನೆಯಲ್ಲಿ ಕೂತು ಬಚ್ಚಲಮನೆ ಬಾಗಿಲು ಕಿತ್ತು ಕಿತ್ತು ಹಾಕ್ತಾ ಇದ್ರಿ."

ಮೇಸ್ತ್ರಿ ರಸಮಟ್ಟವನ್ನು ಕೈಯಿಂದ ಕೈಗೆ ಬದಲಿಸಿದ.

"ಅವಳ ಮಗಳ ಮದುವೆಯಲ್ಲಿ ಅವಳು ನನ್ನ ಸೆರಗು ಹಿಡಿದು ಎಳೆದಳು, ಊಟ ಮಾಡಿ ಹೋಗಕ್ಕಾ ಅಂತ," ಎಂದಳು ಹೆಂಡತಿ. "ನಾನು ಬಿಡಿಸ್ಕೊಂಡು ಬಂದೆ. ನೀವು ಪಕ್ಕದಲ್ಲೇ ನಿಂತಿದ್ರಿ." ಆಮೇಲೆ ಮನೆಯಲ್ಲಿ ಉಪ್ಪು ಇದೆಯಾ ಎಂದು ಕೇಳುವ ದನಿಯಲ್ಲಿ ಕೇಳಿದಳು: "ನನಗೆ ಹೇಳೋಕೆ ಮರೆತುಹೋಯ್ತಾ, ಇಲ್ಲ ಗೊತ್ತಿದ್ದೇ ಹೇಳಲಿಲ್ವಾ? ಅಂದ್ರೆ, ಇದು ಡೊಂಕಾ, ವಾಟಾನಾ?"

ಮೂವತ್ತೊಂದು ವರ್ಷ ಊರಿಗೆಲ್ಲ ಹೇಳಿದ ಪಾಠ. ಮೇಸ್ತ್ರಿ ಗುಳ್ಳೆಯನ್ನು ನೋಡಿದ. ಅವನ ಕೈಯಲ್ಲಿ ಗುಳ್ಳೆ ಆ ಕಡೆ ಈ ಕಡೆ ಓಡುತ್ತಿತ್ತು. ಡೊಂಕು ಎನ್ನಲು ಬಾಯಿ ತೆರೆದ. ಆ ನೆಲದ ಮೇಲೆ ಮಂಡಿಯೂರಿಕೊಂಡು ಆ ಮಾತನ್ನು ಇನ್ನೊಂದು ಸಲ ಹೇಳಲು ಆಗಲಿಲ್ಲ.

"ವಾಟ," ಎಂದ.

"ಹಾಗೆ ಹೇಳಿ." ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. "ನೀವು ಚೂರೇ ಚೂರು ಇಳಿಸಿಟ್ಟಿರಿ. ನಾನು ಆರು ವರ್ಷ ಅದೇ ಕಡೆ ಹರಿದೆ."

ಅವಳು ಚೀಲದಿಂದ ಫೋನು ತೆಗೆದು, ಕನ್ನಡಕ ಹಾಕಿಕೊಂಡು, ತಂಗಿಯ ನಂಬರು ಹುಡುಕಿದಳು. ಹುಡುಕಲು ತುಂಬಾ ಹೊತ್ತು ಹಿಡಿಯಿತು. ಆ ಕಡೆ ಎತ್ತಿದ ಕೂಡಲೇ, "ನಾನು," ಎಂದಳು. "ಹೂಂ, ಅಕ್ಕ. ಅಳಬೇಡ ಕಣೇ. ಯಾರಿಗೂ ಏನೂ ಆಗಿಲ್ಲ. ನಿಮ್ಮೂರಲ್ಲೇ ಇದೀನಿ, ನಿನ್ನ ಗಂಡ ಮಾಡಿದ ಪಾರ್ಕಲ್ಲಿ. ಊಟಕ್ಕೆ ಬರ್ತೀನಿ. ಏನಿದ್ದರೂ ಸರಿ, ಏನೂ ಮಾಡೋಕೆ ಹೋಗಬೇಡ. ಟ್ರೇನಾ? ಟ್ರೇನು ನಾಳೇನೂ ಇರುತ್ತೆ." ಆಮೇಲೆ ಗಂಡನ ಕಡೆ ನೋಡಿದಳು. "ನಿಮ್ಮ ಭಾವಾನಾ? ಬಂದಿದ್ದಾರೆ. ಅವರಿಗೆ ಇಲ್ಲಿ ಸ್ವಲ್ಪ ಕೆಲಸ ಇತ್ತು. ಆರು ವರ್ಷದ ಹಿಂದಿಂದು."

ಫೋನು ಒಳಗಿಟ್ಟು ಅವಳು ಗೇಟಿನ ಕಡೆ ಹೊರಟಳು. ನಾಲ್ಕು ಹೆಜ್ಜೆ ಹೋಗಿ, ತಿರುಗದೆ ಹೇಳಿದಳು: "ಬರೋದಾದರೆ ಬನ್ನಿ. ಆದರೆ ಅವಳ ಮನೆಯಲ್ಲಿ ನೆಲ ಕುಟ್ಟಬೇಡಿ."

ಮೇಸ್ತ್ರಿ ರಸಮಟ್ಟವನ್ನು ಚೀಲಕ್ಕೆ ಹಾಕಿ ಎದ್ದ. ಮಂಡಿ ಹಿಡಿದುಕೊಂಡಿತ್ತು. ಷಡ್ಡಕನ ಮನೆಯ ಬಾಗಿಲಲ್ಲಿ ಅವನ ಎದುರು ನಿಲ್ಲಬೇಕು, "ಅಣ್ಣಾ, ಬನ್ನಿ" ಎಂದು ಅವನು ಮೊದಲಿನ ಹಾಗೇ ಕರೆಯುತ್ತಾನೆ, ಅದೇ ತಡೆಯಲಾಗದ್ದು. ಅವನಾದರೂ ಸ್ವಲ್ಪ ಕೆಟ್ಟವನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಹೆಂಡತಿ ಕುಂಟುತ್ತಾ, ಆದರೆ ಬೇಗ ಬೇಗ ನಡೆಯುತ್ತಿದ್ದಳು. ಮೇಸ್ತ್ರಿ ಕಲ್ಲು ನೋಡದೆ, ಕುಟ್ಟದೆ, ಅವಳ ಬೆನ್ನು ನೋಡುತ್ತಾ ಹಿಂದೆ ನಡೆದ.

ಗೇಟು ಇನ್ನು ಮೂರು ಕಲ್ಲು ದೂರವಿತ್ತು. ಅವನ ಬಲಗಾಲ ಹಿಮ್ಮಡಿಯ ಕೆಳಗೆ ಸದ್ದು ಬೇರೆಯಾಯಿತು.

ನಿಂತ. ಎಡಗಾಲಿನಿಂದ ಮೆಲ್ಲಗೆ ಕುಟ್ಟಿದ. ಟೊಳ್ಳು. ಸಂದೇಹವೇ ಇಲ್ಲ, ಎಡಗಡೆ ಮೂಲೆಯಲ್ಲಿ ಗಾರೆ ಕೂತಿಲ್ಲ. ಒಳಗೆ ಬರುವಾಗ ಕೆತ್ತಿದ ಹೆಸರನ್ನು ನೋಡುವ ಭರದಲ್ಲಿ ಇದೇ ಕಲ್ಲನ್ನು ದಾಟಿ ಹೋಗಿದ್ದ. ಆರು ವರ್ಷ ಅವನು ಕಾದದ್ದು ಈ ಸದ್ದಿಗೆ. ಆ ಮುದುಕಪ್ಪನ ಚೊಂಬಿಗೂ ತಪ್ಪಿಸಿಕೊಂಡ ಒಂದು ಕಲ್ಲು, ಷಡ್ಡಕನ ಹೆಸರಿಗೆ ಒಂದು ಮಾರು ದೂರದಲ್ಲಿ. ಎತ್ತಿ, ಹಳೆಯ ಗಾರೆ ಕೆರೆದು, ಮತ್ತೆ ಕೂರಿಸಲು ಅರ್ಧ ದಿನ ಸಾಕು ಎಂದು ಅವನ ಕೈ ತಾನಾಗಿಯೇ ಅಳತೆ ಹಾಕಿತು. ಹೇಳಬೇಕು ಎಂದು ತಲೆಯೆತ್ತಿದ. ಇಂಥ ಮಾತನ್ನೆಲ್ಲ ಅವನು ಈವರೆಗೆ ಹೇಳಿಕೊಂಡು ಬಂದದ್ದು ಒಬ್ಬಳಿಗೇ.

ಅವಳು ಗೇಟಿನ ಹೊರಗೆ ನಿಂತು ಆಟೋಗೆ ಕೈ ತೋರಿಸುತ್ತಿದ್ದಳು. ಹಿಂದೆ ಹೆಜ್ಜೆಯ ಸದ್ದು ನಿಂತದ್ದು ಕೇಳಿ ತಿರುಗಿದಳು.

"ಏನಾಯ್ತು?"

ಮೇಸ್ತ್ರಿ ಆ ಕಲ್ಲಿನ ಮೇಲಿಂದ ಕಾಲನ್ನು ಸದ್ದಾಗದಂತೆ ತೆಗೆದ.

"ಏನಿಲ್ಲ," ಎಂದ. "ನೆಲ ಚೆನ್ನಾಗಿದೆ."